ಬರಗಾಲದ ರೊಟ್ಟಿ

ಮಾರ್ಚ್ 3
ಬರಗಾಲದ ಅಧ್ಯಾಯ ಇನ್ನೂ ಕುಂಟುತ್ತಿದೆ. ಮಧ್ಯಕಾಲದ ಜನ ಏನು ತಿಂದರು ಎಂದು ಕೆದಕುತ್ತಲೇ ತಲೆ ನೆರೆಯಿತು. ಏನೂ ಸಿಗದಾಗ ಏನು ತಿಂದರು? ಸಿಕ್ಕಿದ್ದು ಒಬ್ಬ ಸನ್ಯಾಸಿ ಬರೆದಿಟ್ಟ ನಾಲ್ಕು ಸಾಲು: ಕಾಡುಗೆಡ್ಡೆ ಹೆಚ್ಚಿ, ಒಣಗಿಸಿ, ಬೀಸಿ, ರೊಟ್ಟಿ ಸುಟ್ಟರು. ಅದೇ ಗೆಡ್ಡೆ ತರಿಸಿದ್ದೇನೆ. ಮಾಡಿ ನೋಡದೆ ಬರೆಯುವವನಲ್ಲ ನಾನು.

ಮಾರ್ಚ್ 9
ಹೋಳು ಒಣಗಿವೆ. ಮಿಕ್ಸಿಗೆ ಹಾಕುವ ಮೊದಲು ಹೆಂಡತಿ ಒಂದನ್ನು ಮೂಸಿ ನೋಡಿದಳು. "ಇದನ್ನ ನೀರಲ್ಲಿ ನೆನೆಸೋದು ಬೇಡ್ವಾ?"

"ಅವನು ಬರೆದಿಲ್ಲ" ಎಂದೆ. ಆಕರದಲ್ಲಿ ಇಲ್ಲದ್ದನ್ನು ಸೇರಿಸಬಾರದು... ಕ್ಲಾಸಿನಲ್ಲಿ ಹೇಳಿ ಹೇಳಿ ಬಾಯಿಪಾಠವಾಗಿದೆ.

ರೊಟ್ಟಿ ಸುಟ್ಟಾಯಿತು. ಮೊದಲ ತುತ್ತು ಯಾವಾಗಲೂ ಅವಳದೇ. ನಾನು ತಿಂದರೆ ಓದಿದ್ದೆಲ್ಲ ನಾಲಿಗೆಗೆ ಅಡ್ಡ ಬರುತ್ತದೆ. ಪೆನ್ನು ಹಿಡಿದು ಎದುರು ಕೂತೆ. ಇಡೀ ರೊಟ್ಟಿ ತಿಂದಳು. ಸ್ವಲ್ಪ ಕಹಿ, ಮಣ್ಣಿನ ವಾಸನೆ, ಆದರೆ ಹೊಟ್ಟೆ ತುಂಬುತ್ತದೆ ಎಂದಳು. ತಿಂದವರು ಯಾರೂ ವಾಪಸ್ ಬಂದು ದೂರು ಕೊಟ್ಟಿಲ್ಲ ತಾನೇ ಎಂದು ಕೇಳಿದಳು. ಇಬ್ಬರೂ ನಕ್ಕೆವು. ಬರೆಯುವ ಭರದಲ್ಲಿ ನನ್ನ ಪಾಲು ಮುಟ್ಟಲಿಲ್ಲ.

ಅದೇ ಸಂಜೆ
ತುಟಿ ಜುಮ್ಮೆನ್ನುತ್ತಿದೆಯಂತೆ. ವಾಂತಿ. ಆಟೋ ಬಂತು—

ಮಾರ್ಚ್ 11, ಐಸಿಯು ಹೊರಗಿನ ಬೆಂಚು
ಫಿಟ್ಸ್ ನಿಂತಿಲ್ಲ. ವೆಂಟಿಲೇಟರ್ ಹಾಕಿದ್ದಾರೆ. ಗೆಡ್ಡೆಯ ವಿಷ ಎಂದರು ಡಾಕ್ಟರ್. ದಿನಗಟ್ಟಲೆ ನೀರು ಬದಲಿಸುತ್ತ ನೆನೆಸಿದರೆ ಮಾತ್ರ ಹೋಗುತ್ತದಂತೆ.

ಸನ್ಯಾಸಿಗೆ ಗೊತ್ತಿತ್ತು. ಅವನ ಕಾಲದಲ್ಲಿ ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ಬರೆಯಲಿಲ್ಲ. ಬಾಳೆಹಣ್ಣನ್ನು ಸಿಪ್ಪೆ ಸುಲಿದು ತಿನ್ನಿ ಎಂದು ಯಾರಾದರೂ ಬರೆದಿಡುತ್ತಾರೆಯೇ? ನನ್ನ ಪಾಂಡಿತ್ಯಕ್ಕಿಷ್ಟು ಬೆಂಕಿ ಬೀಳಲಿ.

ಮಗಳು ಬಂದಳು. "ಅಪ್ಪಾ, ನೀವು ತಿನ್ಲಿಲ್ವಾ?"

ಇಲ್ಲ ಎಂದೆ. ನೋಟ್ಸ್ ಮಾಡಿಕೊಳ್ಳುತ್ತಿದ್ದೆ ಎಂದೆ. ಬೆಂಚಿನ ಆ ತುದಿಗೆ ಹೋಗಿ ಕೂತಳು.

ಮಾರ್ಚ್ 12
ಹೆಂಡತಿ ಬೆಳಿಗ್ಗೆ ಹೋಗಿಬಿಟ್ಟಳು.

ಮಾರ್ಚ್ 26
ಪ್ರಕಾಶಕರ ಫೋನು, ಅಧ್ಯಾಯ ಎಲ್ಲಿಗೆ ಬಂತು ಎಂದು. ಕೇಳಿಸಿಕೊಂಡು ಇಟ್ಟುಬಿಟ್ಟೆ.

ಮನೆಯಲ್ಲಿ ಇವತ್ತೇ ಒಲೆ ಹಚ್ಚಿದ್ದು. ಮಗಳು ಅಡುಗೆ ಮಾಡಿ ಬಡಿಸಿದಳು. ನನಗೆ ಕೈ ಏಳಲಿಲ್ಲ. ಅವಳು ನನ್ನ ತಟ್ಟೆಯಿಂದಲೇ ಒಂದು ತುತ್ತು ತೆಗೆದು ಬಾಯಿಗಿಟ್ಟುಕೊಂಡಳು.

"ನಾನು ಮೊದಲು ತಿಂದಿದೀನಿ. ಈಗ ತಿನ್ನಿ."

ಅವಳು ನುಂಗುವವರೆಗೂ ಗಂಟಲನ್ನೇ ನೋಡುತ್ತಿದ್ದೆ. ಆಮೇಲೆ ತುತ್ತು ಕಲಸಿದೆ. ಬಾಯಿಯ ಹತ್ತಿರ ತಂದೆ, ಆದರೆ ತಿನ್ನಲಾಗದೆ ತಟ್ಟೆಗೇ ವಾಪಸ್ ಇಟ್ಟೆ.