ಎರಡು ಬಂದೂಕು, ಒಂದು ಜೋಡಿ ಎತ್ತು

ಜಿಲ್ಲೆಯಲ್ಲಿ ಬಂದೂಕಿನ ಪರವಾನಗಿ ಕೊಡುವ ಮಾನ್ಯರೇ,

ನೀವು ಪರವಾನಗಿ ಕೊಟ್ಟ ನನ್ನ ಬಂದೂಕನ್ನು ದಯಮಾಡಿ ಕಿತ್ತುಕೊಳ್ಳಬೇಕು. ಬಂದೂಕು ಬೇಕೆಂದು ಕಚೇರಿಯ ಮೆಟ್ಟಿಲು ಸವೆಸುವವರನ್ನು ದಿನವೂ ನೋಡುತ್ತೀರಿ. ಬೇಡವೆಂದು ಅಂಗಲಾಚುವ ಮೊದಲ ಮೂರ್ಖ ಬಹುಶಃ ನಾನೇ.

ಚಿಗರಿಗಳು ಜೋಳ ಮೇಯುತ್ತವೆ ಎಂದು ನಾನು ಅರ್ಜಿಯಲ್ಲಿ ಬರೆದದ್ದು ಸುಳ್ಳಲ್ಲ. ಆದರೆ ನನ್ನ ಮೀಸೆಗೆ ತಕ್ಕದ್ದೊಂದು ಕೈಯಲ್ಲಿರಲಿ ಎಂಬ ಇನ್ನೊಂದು ಕಾರಣವನ್ನು ಬರೆಯಲಿಲ್ಲ. ಬಂದೂಕು ಬಂದ ವಾರವೇ ಸಿಂದಗಿಗೆ ಹೋಗಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ಫೋಟೋ ತೆಗೆಸಿದೆ. ಫೋಟೋದಲ್ಲಿ ಬಂದೂಕು ಚೆನ್ನಾಗಿ ಬಂದಿದೆ. ಚಿಗರಿಗಳೂ ಮೊದಮೊದಲು ಓಡಿದವು. ಈಗ ಗುಂಡು ಹಾರಿಸಿದರೆ ಕತ್ತೆತ್ತಿ ಒಮ್ಮೆ ನನ್ನನ್ನು ನೋಡಿ ಮತ್ತೆ ಮೇಯುತ್ತವೆ. ಬಂದೂಕಿದ್ದ ಮನೆಗೆ ಕಳ್ಳರು ಬರುವುದಿಲ್ಲ ಎನ್ನುತ್ತಾರೆ. ಮೊದಲೂ ಬರುತ್ತಿರಲಿಲ್ಲ, ಕದಿಯಲು ಏನಿತ್ತು? ಈಗ ಕದಿಯಲು ಬಂದೂಕಿದೆ.

ಬದುವಿನಾಚೆಯ ಹೊಲ, ಮನೆ ಬಾಬುಲಾಲನವು. ನಮ್ಮಿಬ್ಬರಿಗೂ ಒಂದೊಂದೇ ಎತ್ತು. ಎರಡನ್ನೂ ಕೂಡಿಸಿ ಹೂಡಿ ಇಬ್ಬರ ಹೊಲವನ್ನೂ ಬಿತ್ತುತ್ತಿದ್ದೆವು. ನನ್ನ ಬಂದೂಕು ನೋಡಿ ಅವನೂ ಒಂದನ್ನು ತಂದ. ಅವನ ಅರ್ಜಿಯಲ್ಲೂ ಚಿಗರಿಗಳೇ ಇದ್ದವಂತೆ. ನನಗೆ ಮಾತ್ರ ಅದನ್ನು ನನಗಾಗಿಯೇ ತಂದಿದ್ದಾನೆ ಎನಿಸಿತು. ನಾನು ಅವನಿಗೆ ಕಾಣುವಂತೆ ಕಟ್ಟೆಯ ಮೇಲೆ ಕೂತು ನಳಿಗೆ ಒರೆಸತೊಡಗಿದೆ. ಅವನು ನನಗೆ ಕಾಣುವಂತೆ ಅಂಗಳದಲ್ಲಿ ಒರೆಸತೊಡಗಿದ. ಮಾತು ನಿಂತಿತು, ಎತ್ತುಗಳು ಬೇರೆಯಾದವು. ಜಗಳ ಯಾವುದಕ್ಕೆಂದು ನೀವು ವಿಚಾರಣೆ ಮಾಡಿದರೆ ಇಬ್ಬರೂ ಹೇಳಲಾರೆವು.

ಕಳೆದ ಸೋಮವಾರ ನಸುಕಿನಲ್ಲಿ ಅಂಗಳದಲ್ಲಿ ಹೆಜ್ಜೆ ಸಪ್ಪಳವಾಯಿತು. ಬಂದೂಕು ಎತ್ತಿ ಹೊರಗೆ ಬಂದೆ. ಬಾಬುಲಾಲ ನಿಂತಿದ್ದ, ಹೆಗಲ ಮೇಲೆ ಬಂದೂಕು, ಕೈಯಲ್ಲಿ ಹಗ್ಗ. ಹಗ್ಗದ ತುದಿಯಲ್ಲಿ ನನ್ನ ಎತ್ತು. ಅದು ಕಣ್ಣಿ ಹರಿದುಕೊಂಡು ತನ್ನ ಹಳೆಯ ಜೋಡಿಯ ಬಳಿ ಹೋಗಿತ್ತು, ಅವನು ಮರಳಿ ತಂದಿದ್ದ. ನನ್ನ ನಳಿಗೆ ಅವನ ಎದೆಯ ಕಡೆಗಿತ್ತು. ನನ್ನ ಹೆಂಡತಿ ಹಜರಾಬಿ ಕಸಬರಿಗೆ ಬಿಟ್ಟು ನಮ್ಮ ನಡುವೆ ಬಂದು ಅವನಿಂದ ಹಗ್ಗ ತೆಗೆದುಕೊಂಡಳು.

“ಯಾರ ಜೋಡಿ ಇರಬೇಕಂತ ಎತ್ತಿಗೆ ತಿಳೀತೈತಿ,” ಅಂದಳು. “ನಿಮಗ ಯಾವಾಗ ತಿಳೀತೈತ್ರಿ?”

ಬಂದೂಕು ತುಂಬಿತ್ತು, ಮಾನ್ಯರೇ.

ನೀನೇ ತಂದು ಒಪ್ಪಿಸು ಎನ್ನುವಿರಿ. ಅಲ್ಲೇ ತೊಡಕು. ನಾನೊಬ್ಬನೇ ಕೊಟ್ಟರೆ ಅವನಿಗೆ ಹೆದರಿದೆನೆಂದು ಆಲಮೇಲದ ಸಂತೆಯೆಲ್ಲ ನಗುತ್ತದೆ. ಅವನೊಬ್ಬನೇ ಕೊಟ್ಟರೆ ಮೊದಲು ನಗುವವನು ನಾನೇ, ಅಂಥ ಬುದ್ಧಿಯವನು. ಅವನಿಗೂ ಸಾಕಾಗಿದೆಯೆಂದು ಅವನ ಹೆಂಡತಿ ಸುಲ್ತಾನಬಿ ಹಜರಾಬಿಗೆ ಹೇಳಿದ್ದಾಳೆ. ಹೆಂಗಸರ ಬಳಿ ಬಂದೂಕಿಲ್ಲವಾದ್ದರಿಂದ ಅವರ ಮಾತುಕತೆ ನಿಂತಿಲ್ಲ.

ಆದ್ದರಿಂದ ಇಬ್ಬರಿಗೂ ಒಂದೇ ದಿನ ಹುಕುಂ ಕಳಿಸಿ, ಬಂದೂಕುಗಳನ್ನು ಸಿಂದಗಿಗೆ ತಂದೊಪ್ಪಿಸಲು ಹೇಳಿ. ಹಿಂಗಾರಿ ಬಿತ್ತನೆ ಹತ್ತಿರ ಬಂದಿದೆ, ತಡ ಮಾಡಬೇಡಿ. ಇಬ್ಬರೂ ಒಂದೇ ಬಂಡಿಯಲ್ಲಿ ಬರತಕ್ಕದ್ದು ಎಂದು ಇನ್ನೊಂದು ಸಾಲು ಸೇರಿಸಿ. ಬಂಡಿ ನನ್ನಲ್ಲಿದೆ. ಎತ್ತು ಒಂದೇ ಇದೆ, ಇನ್ನೊಂದನ್ನು ಅವನು ತರಲೇಬೇಕಾಗುತ್ತದೆ.

ಇಂತಿ,
ಫೋಟೋದಲ್ಲಷ್ಟೇ ಶೂರನಾದ
ಮಶಾಕಸಾಬ
ಆಲಮೇಲದ ಹತ್ತಿರ, ಸಿಂದಗಿ ತಾಲೂಕು
ಸೆಪ್ಟೆಂಬರ್ ೧೯೬೧