ಇಲ್ಲದ ನೆರಳು

ಹಿರಿಯ ಸೊಸೆಗೆ ಆಶೀರ್ವಾದ.

ಮಗಳ ಮನೆ ಸೇರಿದೆ. ಈ ಬೀದಿಯ ದೊಡ್ಡ ಮರ ಕಡಿದು ಎರಡು ವರ್ಷವಾಯಿತಂತೆ. ರಸ್ತೆ ಕಾದ ಹೆಂಚಿನಂತಿದೆ. ಆದರೂ ಬಸ್ಸಿಗೆ ಕಾಯುವವರು ಹಿಂದೆ ನೆರಳು ಬೀಳುತ್ತಿದ್ದಷ್ಟೇ ಜಾಗದಲ್ಲಿ ಒತ್ತಿಕೊಂಡು ನಿಲ್ಲುತ್ತಾರೆ. ನಿನ್ನೆ ನಾನೂ ಮಗಳೂ ಕಾಯುತ್ತಿದ್ದ ಬಸ್ಸು ತಡವಾಯಿತು. ಹೊತ್ತು ಇಳಿದಂತೆ, ಇಲ್ಲದ ನೆರಳಿನ ಜೊತೆ, ಮಾತಿಲ್ಲದೆ ಎಲ್ಲರೂ ಪಕ್ಕಕ್ಕೆ ಸರಿದರು.

"ಇದೇನೇ ಹುಚ್ಚು?" ಎಂದೆ.

"ಅಭ್ಯಾಸ ಅಮ್ಮಾ. ನೀನೂ ಸರಿದೆಯಲ್ಲ!" ಎಂದಳು ಮಗಳು.

ನೋಡಿದರೆ ನಿಜ. ಆ ಮರವನ್ನು ನಾನು ಕಂಡವಳೇ ಅಲ್ಲ.

ಮೈಯೆಲ್ಲ ಬೆವರುಸಾಲೆ, ಬಿ.ಪಿ. ಮಾತ್ರೆ ತಪ್ಪಿಸಿಲ್ಲ. ಎಲೆ ಉದುರಿ ಕಸವಾಗುತ್ತದೆಂದು ನಮ್ಮ ಅಂಗಳದ ಮರ ಕಡಿಸಲು ಹೇಳಿದ್ದೆನಲ್ಲ, ಬೇಡ. ಕೊಡಲಿಯವನು ಬಂದರೆ ಹಿಂದಕ್ಕೆ ಕಳಿಸು. ಕಸ ನಾನೇ ಗುಡಿಸುತ್ತೇನೆ. ಅತ್ತೆ ಮಾತು ಬದಲಿಸಿದರೆಂದು ನಿನ್ನ ಓರಗಿತ್ತಿಗೆ ಹೇಳಬೇಡ.

ಕಾರ್ಡು ತುಂಬಿತು.

ಅತ್ತೆ