ಎರಡೇ ಫೈಲು

ಜೂನ್ ೧, ಶನಿವಾರ, ಮಧ್ಯಾಹ್ನ

ಮೈಕಿನ ಸ್ಪಂಜು ಮತ್ತೆ ಹರಿದಿದೆ. ಸ್ಟೋರಿನವರಿಗೆ ಮೂರನೇ ಚೀಟಿ ಬರೆದೆ. ಉತ್ತರ ಬರುವಷ್ಟರಲ್ಲಿ ರಿಟೈರ್ ಆಗಿರುತ್ತೇನೆ.

ಹತ್ತಕ್ಕೆ ಹೊಸದಾಗಿ ಸೇರಿದ ನಾಲ್ವರಿಗೆ ಪಾಠ. ಆಸ್ಪತ್ರೆಯ ಧ್ವನಿ ವಿಭಾಗದವರಿಗೆ ಕಮಾಂಡು ಟೈಪ್ ಮಾಡುವ ಈ ಕಪ್ಪು ಪರದೆ ಯಾಕೆ ಸಾರ್ ಎಂದು ಮುಖ ಮಾಡಿದರು. ಸಾವಿರಗಟ್ಟಲೆ ರೆಕಾರ್ಡಿಂಗು, ಮೌಸ್ ಹಿಡಿದು ಎಳೆದರೆ ಕೈ ಬಿದ್ದುಹೋಗುತ್ತದೆ, ಅದಕ್ಕೆ, ಎಂದೆ. ಹನ್ನೊಂದು ವರ್ಷದಿಂದ ಅದೇ ಪಾಠ, ಅದೇ ಜೋಕು. ಫೈಲಿನ ಹೆಸರಿನ ಜಾಗದಲ್ಲಿ ಸ್ಟಾರ್ (*) ಹಾಕಿದರೆ ಅದನ್ನು ಬಿಡಿಸಿ ಓದುವುದು ಶೆಲ್ಲು, ಅಂದರೆ ನಾವು ಟೈಪ್ ಮಾಡಿದ್ದನ್ನು ಮೊದಲು ನೋಡುವ ಪ್ರೋಗ್ರಾಮು. ಹೊಂದುವ ಹೆಸರನ್ನೆಲ್ಲ ಹುಡುಕಿ, ಅಕಾರಾದಿಯಾಗಿ ಸಾಲು ನಿಲ್ಲಿಸಿ, ಆಮೇಲೆ ಕಮಾಂಡಿನ ಕೈಗೆ ಕೊಡುತ್ತದೆ. ಅಲ್ಲೊಂದು ಸ್ಟಾರ್ ಇತ್ತು ಅನ್ನುವುದೇ ಕಮಾಂಡಿಗೆ ಗೊತ್ತಿಲ್ಲ. ಕೊಟ್ಟ ಪಟ್ಟಿಯಂತೆ ಕೆಲಸ ಮುಗಿಸಿ ಕೈ ತೊಳೆದುಕೊಳ್ಳುತ್ತದೆ.

"ಒಂದೂ ಹೆಸರು ಸಿಗದಿದ್ರೆ?" ಮುಂದಿನ ಬೆಂಚಿನವಳು ಕೇಳಿದಳು. ಚುರುಕು.

"ಆಗ ಸ್ಟಾರ್ ಸ್ಟಾರಾಗೇ ಹೋಗುತ್ತೆ. ಅಂಥ ಹೆಸರಿನ ಫೈಲೇ ಇಲ್ಲ ಅಂತ ಕಮಾಂಡು ಬೈಯುತ್ತೆ. ಬೈದ್ರೆ ಪುಣ್ಯ. ಬೈಯದೆ ಇದ್ದಾಗ ಹೆದರ್ಕೋಬೇಕು."

ಬರೆದುಕೊಂಡರು. ಸ್ಟಾರ್ ಬಳಸುವ ಮುಂಚೆ, ಹೆಸರು ಬರೀ ತೋರಿಸುವ ಎಕೋ ಹಾಕಿ ನೋಡಿ, ಯಾವ ಯಾವ ಹೆಸರು ಬರುತ್ತದೋ ಕಣ್ಣಾರೆ ಕಂಡ ಮೇಲೆ ಎಂಟರ್ ಒತ್ತಿ — ಇದನ್ನೂ ಬರೆದುಕೊಂಡರು. ಸಾರ್ ಹೇಳಿದ್ದಾರಲ್ಲ.

ಜೂನ್ ೩, ಸೋಮವಾರ, ಮಧ್ಯಾಹ್ನ

ಟೈಲರಮ್ಮ ಬಂದರು, ಗಂಡನ ಜೊತೆ. ಗುರುವಾರ ಆಪರೇಷನ್. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯುತ್ತಾರೆ. ಆಮೇಲೆ ಆ ದನಿ ನಮ್ಮ ಡಿಸ್ಕಿನಲ್ಲಿ ಬಿಟ್ಟು ಎಲ್ಲೂ ಇರುವುದಿಲ್ಲ.

ಬಾಗಿಲಲ್ಲೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ಕಾಲರ್ ಕೂರಿಸಿದೋನು ಯಾರು ಸಾರ್? ಅವನ ಕೈಗೆ ಕತ್ತರಿ ಕೊಡ್ಬಾರ್ದು" ಎಂದರು.

ಮೊದಲು ಇನ್ನೂರು ವಾಕ್ಯಗಳ ಪಟ್ಟಿ. ಮುಂದೆ ಯಂತ್ರ ಅವರ ದನಿಯಲ್ಲಿ ಮಾತಾಡಬೇಕಲ್ಲ, ಅದಕ್ಕೆ. ವಾಕ್ಯ ಒಂದು: ಇವತ್ತು ಮಂಗಳವಾರ. ವಾಕ್ಯ ಎರಡು: ದಯವಿಟ್ಟು ಬಾಗಿಲು ಹಾಕಿ. ಶಾಲೆಯಲ್ಲಿ ಪಾಠ ಒಪ್ಪಿಸಿದ ಹಾಗೆ ಓದಿದರು. ಆಮೇಲೆ, ಮನಸ್ಸಿಗೆ ಬಂದದ್ದು ಮಾತಾಡಿ ಎಂದು ಬಿಟ್ಟೆ. ನಲವತ್ತು ನಿಮಿಷ! ಗಂಡನನ್ನು ತರಾಟೆಗೆ ತೆಗೆದುಕೊಂಡರು. ಮದುವೆಯಾದ ವರ್ಷದ ತಪ್ಪಿನಿಂದ ಶುರು. ಆತ ಗಾಜಿನಾಚೆ ಕೂತು ನಗುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದ. ಕೊನೆಗೆ ಮಗಳನ್ನು ಮುದ್ದಿನ ಹೆಸರಿಂದ ಕರೆದರು, ಊಟಕ್ಕೆ ಕರೆಯುವ ಹಾಗೆ, ಮೂರು ಸಲ. ಮೂರನೆಯದರಲ್ಲಿ ಸಿಟ್ಟಿತ್ತು.

ಇಷ್ಟು ವರ್ಷದಲ್ಲಿ ಇಂಥ ರೆಕಾರ್ಡಿಂಗು ಸಿಕ್ಕಿರಲಿಲ್ಲ.

ಅದೇ ದಿನ, ಸಂಜೆ ಆರೂ ಹತ್ತು

ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ.

ಫೈಲುಗಳನ್ನು ಭದ್ರವಾದ ಫೋಲ್ಡರಿಗೆ ಸಾಗಿಸಬೇಕಿತ್ತು. ಎಂವಿ ಕಮಾಂಡು; ಫೈಲು ಸಾಗಿಸುವುದಕ್ಕೂ ಹೆಸರು ಬದಲಿಸುವುದಕ್ಕೂ ಅದೊಂದೇ. ಏನನ್ನು, ಎಲ್ಲಿಗೆ — ಎರಡೂ ಹೇಳಬೇಕು. ಅಷ್ಟರಲ್ಲಿ ಅಕ್ಕನ ಫೋನು, ಬರುವಾಗ ಬಲ್ಬ್ ತಾ ಎಂದು. ಮಾತಾಡುತ್ತಲೇ ಟೈಪ್ ಮಾಡಿದೆ. ಪರದೆ ನೋಡದೆ ಹೊಡೆಯುತ್ತೇನೆ ಅನ್ನುವ ಜಂಬ ಬೇರೆ.

mv *.wav

ಎಂಟರ್. ಧ್ವನಿ ಫೈಲುಗಳನ್ನೆಲ್ಲ ಸಾಗಿಸು ಅಂದಂತಾಯಿತು; ಎಲ್ಲಿಗೆ ಅನ್ನುವುದೇ ಇಲ್ಲ.

ಬೇರೆ ದಿನವಾಗಿದ್ದರೆ ಬೈಯುತ್ತಿತ್ತು. ಪ್ರತಿ ಫೋಲ್ಡರಿನಲ್ಲೂ ಮೈಕ್ ಟೆಸ್ಟಿನದು ಸೇರಿ ಮೂರು ಫೈಲು ಇರುತ್ತವೆ. ಮೂರು ಹೆಸರು ಕೊಟ್ಟರೆ, ಕೊನೆಯದು ಫೋಲ್ಡರ್ ಅಲ್ಲ ಎಂದು ಕಮಾಂಡು ನಿಂತುಬಿಡುತ್ತದೆ. ಇವತ್ತು ಟೆಸ್ಟ್ ಸೇವ್ ಮಾಡಿರಲಿಲ್ಲ. ಎರಡೇ ಇದ್ದವು. ಶೆಲ್ಲು ಎರಡು ಹೆಸರು ಕೊಟ್ಟಿತು. ಕಮಾಂಡಿಗೆ ಅದು ಚೊಕ್ಕ ಆಜ್ಞೆ: ಮೊದಲನೆಯದಕ್ಕೆ ಎರಡನೆಯದರ ಹೆಸರಿಡು. ಇಟ್ಟಿತು. ಆ ಹೆಸರಿನಲ್ಲಿ ಮೊದಲು ಇದ್ದದ್ದು ಹೋಯಿತು. ಒಂದು ಎಚ್ಚರಿಕೆಯೂ ಇಲ್ಲ.

ಈಗ ಒಂದೇ ಫೈಲು. ಹೆಸರು "೨-ಮನದ ಮಾತು". ತೆರೆದರೆ... ವಾಕ್ಯ ಒಂದು, ಇವತ್ತು ಮಂಗಳವಾರ.

ಬ್ಯಾಕಪ್ ಆಗುವುದು ರಾತ್ರಿ. ಅಂದರೆ ಅದೂ ಇಲ್ಲ.

ಗುರುವಾರಕ್ಕೆ ಇನ್ನೂ ಎರಡು ದಿನ ಇದೆ. ನಾಳೆ ಬೆಳಿಗ್ಗೆ ಫೋನ್ ಮಾಡಿ ಕರೆಸಬೇಕು. ತಪ್ಪಾಯಿತು, ಮತ್ತೊಮ್ಮೆ ಬನ್ನಿ. ಅಷ್ಟೇ ಹೇಳಬೇಕಾದದ್ದು.

ಜೂನ್ ೪, ಮಂಗಳವಾರ, ಬೆಳಿಗ್ಗೆ ಹನ್ನೊಂದು

ಫೋನ್ ಮಾಡಲಿಲ್ಲ. ಕಂಪ್ಯೂಟರಿನ ಡಿಸ್ಕ್ ಬಿಚ್ಚಿ, ಅಳಿಸಿಹೋದ ಫೈಲು ಹುಡುಕಿಕೊಡುವವನ ಅಂಗಡಿಗೆ ಒಯ್ದೆ. "ನಾಳೆ ಸಂಜೆ ಹೇಳ್ತೀನಿ ಸಾರ್, ಗ್ಯಾರಂಟಿ ಇಲ್ಲ." ಸಿಕ್ಕಿಬಿಟ್ಟರೆ ಯಾರಿಗೂ ಏನೂ ಹೇಳುವ ಅಗತ್ಯವಿಲ್ಲ.

ಮುಂದಿನ ಬೆಂಚಿನವಳು ಬಂದು, "ಡಿಸ್ಕ್ ಎಲ್ಲಿ ಸಾರ್?" ಎಂದಳು. ಸರ್ವೀಸಿಗೆ ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು. ಅವಳ ನೋಟ್‌ಬುಕ್ಕಿನಲ್ಲಿ ಶನಿವಾರದ ಪುಟ ಇದೆ, ನನ್ನ ಬುದ್ಧಿಮಾತುಗಳೆಲ್ಲ ದುಂಡಗೆ ಬರೆದಿಟ್ಟದ್ದು. ನೆನೆದರೆ ಮೈ ಹಿಡಿಯಾಗುತ್ತದೆ.

ಜೂನ್ ೫, ಬುಧವಾರ, ಸಂಜೆ

ಇದನ್ನು ಬರೆಯದೆ ಬಿಡಬಹುದು. ಯಾರೂ ಓದುವುದಿಲ್ಲ. ಆದರೂ.

ಮೂರು ಗಂಟೆಗೆ ಟೈಲರಮ್ಮನೇ ಫೋನ್ ಮಾಡಿದರು. ಅಡ್ಮಿಟ್ ಆಗಿದ್ದಾರೆ, ಇದೇ ಕಟ್ಟಡದ ಮೂರನೇ ಮಹಡಿ.

"ಸಾರ್, ಮಗಳಿಗೆ ಒಂದು ಮಾತು ಹೇಳೋದೇ ಮರ್ತೆ. ಇವರನ್ನ ಬೈಯೋದ್ರಲ್ಲೇ ಟೈಮ್ ಹೋಯ್ತು ನೋಡಿ. ಈಗ ಇಳಿದು ಬರ್ಲಾ? ಹತ್ತು ನಿಮಿಷ ಸಾಕು."

ತಪ್ಪು ಒಪ್ಪಿಕೊಳ್ಳುವುದೂ ಬೇಕಿರಲಿಲ್ಲ. ಬನ್ನಿ ಎಂದಿದ್ದರೆ ಸಾಕಿತ್ತು. ಆದರೆ ಬಂದವರು, ಮೊನ್ನೆಯದು ಸ್ವಲ್ಪ ಕೇಳಿಸಿ ಅಂದರೆ?

"ಬೇಡಮ್ಮ. ನಾಳೆ ಆಪರೇಷನ್ನು, ರೆಸ್ಟ್ ತಗೊಳ್ಳಿ. ಎಲ್ಲಾ ಚೆನ್ನಾಗಿ ಬಂದಿದೆ. ಜೋಪಾನವಾಗಿದೆ."

"ಹಾಗಾದ್ರೆ ಸರಿ ಬಿಡಿ. ನೀವಿದ್ದೀರಲ್ಲ."

ಐದೂವರೆಗೆ ಅಂಗಡಿಯವನು: "ಹೊಸ ಥರದ ಡಿಸ್ಕು ಸಾರ್ ಇದು. ಅಳಿಸಿದ್ದನ್ನ ತಾನೇ ಗುಡಿಸಿ ಹಾಕುತ್ತೆ. ಏನೂ ಉಳಿದಿಲ್ಲ."

ಆಗಲೂ ಸಮಯವಿತ್ತು. ಕೈ ರೆಕಾರ್ಡರ್ ಎತ್ತಿಕೊಂಡು ಲಿಫ್ಟಿನ ತನಕ ಹೋದೆ. ಬಾಗಿಲು ತೆರೆಯಿತು, ಮುಚ್ಚಿತು. ಬಲ್ಬ್ ತೆಗೆದುಕೊಂಡು ಮನೆಗೆ ಬಂದೆ. ಥೂ ನನ್ನ ಜನ್ಮಕ್ಕೆ.

ಜೂನ್ ೬, ಗುರುವಾರ

ಎಂಟಕ್ಕೆ ಒಳಗೆ ಕರೆದೊಯ್ದರಂತೆ. ಒಂದೂವರೆಗೆ ಮುಗಿಯಿತಂತೆ. ಚೆನ್ನಾಗಿ ಆಯಿತಂತೆ.

ಜೂನ್ ೧೯, ಬುಧವಾರ, ಮಧ್ಯಾಹ್ನ

ಬರೆಯುವ ಮುಖವಿರಲಿಲ್ಲ. "ಯಾಕೋ, ಯಾರ ಮನೇಲೋ ಕದ್ದು ಬಂದೋನ ಥರ ಇದ್ದೀಯ?" ಅಂದಳು ಅಕ್ಕ. ನಗಲು ನೋಡಿದೆ. ಆಗಲಿಲ್ಲ.

ಇವತ್ತು ಟೈಲರಮ್ಮನ ಗಂಡ ಒಬ್ಬನೇ ಬಂದ. ಕೂರಿ ಎಂದರೂ ಕೂರಲಿಲ್ಲ.

"ಆ ಯಂತ್ರದ್ದು ನಿಧಾನಕ್ಕೆ ನೋಡೋಣ ಸಾರ್. ಅವಳು ನನ್ನ ಬೈದಿದ್ದು ಇದೆಯಲ್ಲ, ಅದೊಂದು ಕಾಪಿ ಕೊಡಿ. ಮನೇಲಿ ಸದ್ದೇ ಇಲ್ಲ. ಮಗಳೂ ಕೇಳ್ತಾ ಇದ್ದಾಳೆ."

"ಶುಕ್ರವಾರ ಚೆಕಪ್ಪಿಗೆ ಬರ್ತೀರಲ್ಲ, ಆಗ ಇಬ್ಬರೂ ಇಲ್ಲಿಗೆ ಬನ್ನಿ" ಎಂದೆ. ಕೈ ಮುಗಿದು ಹೋದ. ನನಗೆ, ಕೈ ಮುಗಿದ.

ಜೂನ್ ೨೧, ಶುಕ್ರವಾರ, ಮಧ್ಯಾಹ್ನ

ಹೇಳಿದೆ. ರೆಕಾರ್ಡಿಂಗ್ ಕೋಣೆಯಲ್ಲಿ, ಇಬ್ಬರನ್ನೂ ಕೂರಿಸಿ. ಶೆಲ್ಲು, ಸ್ಟಾರು, ಮೂರು ಫೈಲಿದ್ದರೆ ಹೀಗಾಗುತ್ತಿರಲಿಲ್ಲ... ಪಾಠದ ದನಿಯಲ್ಲಿ ವಿವರಿಸತೊಡಗಿದ್ದೆ. ನನಗೇ ಹೇಸಿಗೆಯಾಗಿ ನಿಲ್ಲಿಸಿದೆ. "ನಾನೇ ಅಳಿಸಿದ್ದು. ಸಿಗಲ್ಲ" ಎಂದೆ.

ಗಂಡ ಎದ್ದು ಗಾಜಿನ ಕಡೆ ತಿರುಗಿ ನಿಂತ. ಟೈಲರಮ್ಮ ಕುತ್ತಿಗೆಯ ಬ್ಯಾಂಡೇಜಿನ ಮೇಲೆ ಬೆರಳಾಡಿಸಿದರು. ಆಮೇಲೆ ಪುಸ್ತಕ ತೆಗೆದು ಬರೆದರು. ಅಳತೆ ಬರೆದು ರೂಢಿಯಾದ ದಪ್ಪ ಅಕ್ಷರ.

"ಕೈ ತಪ್ಪೋದು ಇದ್ದಿದ್ದೇ. ನಾನೂ ಎಷ್ಟೋ ಒಳ್ಳೇ ಬಟ್ಟೆ ಹಾಳು ಮಾಡಿದೀನಿ."

ಅಳು ಬಂತು. ಪಾರಾದೆ ಅಂತಲೂ ಅನಿಸಿತು. ನಾಚಿಕೆಗೇಡು, ಆದರೆ ನಿಜವಾಗಿ ಹಾಗೇ ಅನಿಸಿತು.

ಅವರು ಪುಟ ಮಗುಚಿದರು. ಇನ್ನೊಂದು ಸಾಲು ಬರೆದು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು.

"ನಿಮಗೆ ಯಾವತ್ತು ಗೊತ್ತಾಯ್ತು?"

ಗಂಡನೂ ಈಚೆ ತಿರುಗಿ ಓದಿದ. ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು. ಪೆನ್ಸಿಲ್ ಈಸಿಕೊಂಡು, ಅವರ ಸಾಲಿನ ಕೆಳಗೆ ಬರೆದೆ: "ಸೋಮವಾರ. ರೆಕಾರ್ಡಿಂಗ್ ಆದ ಸಂಜೆಯೇ."